ಈಶ್ವರಿ ಬೇರು ಮತ್ತು ಎರಡು ಹಾವು ಕಡಿತ: ಕೊರಟಗೆರೆ ಕಡೆಯ ಒಂದು ಪ್ರಕರಣ

ಸಿದ್ಧರಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಹಾವು ಕಚ್ಚಿತು ಅಂದರೆ ಹಿರಿಯರ ಬಾಯಲ್ಲಿ ಮೊದಲು ಬರುವುದು ಈಶ್ವರಿ ಬೇರಿನ ಹೆಸರು. ಬೇಲಿ ಮೇಲೆ, ಪೊದೆ ಮೇಲೆ ಹಬ್ಬುವ ತೆಳು ಕಾಡುಬಳ್ಳಿ ಅದು. ಅಲ್ಲಿನ ಒಬ್ಬ ರೈತ ಈ ಬೇರನ್ನು ನಾಲ್ಕು ವರ್ಷದಲ್ಲಿ ಮೂರು ಥರ ಬಳಸಿದರು. ಮೊದಲು ನಾಟಿ ವೈದ್ಯರ ಕೈಯಿಂದ ಒಂದೆರಡು ದಿನ. ಆಮೇಲೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಪುಡಿ. ಕೊನೆಗೆ ಕೊಳಕುಮಂಡಲ ಕಚ್ಚಿದ ರಾತ್ರಿ ತಾವೇ ಅಗಿದು ನುಂಗಿದ್ದು. ಮೂರರ ಫಲವೂ ಬೇರೆ ಬೇರೆ.

ರೈತರ ಹೆಸರು, ಊರು, ಆಸ್ಪತ್ರೆ ಇಲ್ಲಿ ಬೇಡ. ನಾನು ಡಾಕ್ಟರಲ್ಲ, ತುಮಕೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನು. ಅವರ ಮಗಳು ನನ್ನ ವಿದ್ಯಾರ್ಥಿನಿ. 'ನಿಮ್ಮಪ್ಪ ತಿಂತಿದ್ದ ಬೇರು ಯಾವುದು ಅಂತ ಗೊತ್ತಿರೋರ ಹತ್ರ ಕೇಳ್ಕೊಂಡು ಬಾಮ್ಮ' ಎಂದು ಕಿಡ್ನಿ ಡಾಕ್ಟರು ಹೇಳಿದ್ದರಂತೆ. ಅವಳು ಪ್ಲಾಸ್ಟಿಕ್ ಕವರ್ ಹಿಡಿದು ಬಂದಳು. ಹೀಗೆ ಈ ಪ್ರಕರಣ ನನ್ನ ಕೈಗೆ ಸಿಕ್ಕಿತು. ಆಸ್ಪತ್ರೆಯ ಕಾಗದಗಳನ್ನು ತೋರಿಸಿದ್ದೂ, ಬರೆಯಿರಿ ಅಂದಿದ್ದೂ ಮನೆಯವರೇ.

ಮೊದಲ ಕಡಿತ

ರೈತರಿಗೆ ಆಗ ನಲವತ್ತೆರಡು ವರ್ಷ. ಎರಡು ಎಕರೆ ಜಮೀನು. ರಾಗಿ, ಕಡಲೆಕಾಯಿ, ಬೋರ್‌ವೆಲ್ ನಂಬಿಕೊಂಡ ಸ್ವಲ್ಪ ಅಡಿಕೆ. ಮಳೆಗಾಲದ ಒಂದು ಸಂಜೆ ಬಣವೆಯಿಂದ ಹುಲ್ಲು ಹಿರಿಯುವಾಗ ಕೈಬೆರಳಿಗೆ ಏನೋ ಕಚ್ಚಿತು. ಕಂದು ಬಣ್ಣದ ಹಾವು ಹುಲ್ಲಿನೊಳಗೆ ಜಾರಿಹೋಯಿತು. ಎಷ್ಟು ಉದ್ದ, ಮೈಮೇಲೆ ಪಟ್ಟೆ ಇತ್ತೋ ಇಲ್ಲವೋ, ಯಾರೂ ಸರಿಯಾಗಿ ನೋಡಲಿಲ್ಲ. ಬೆರಳ ಮೇಲೆ ನಾಲ್ಕೈದು ಗೀರು, ಒಂದಿಷ್ಟು ರಕ್ತ. ಊತ ಇಲ್ಲ, ಉರಿ ಕೂಡ ಜಾಸ್ತಿ ಇಲ್ಲ.

ಪಕ್ಕದ ಊರಿನ ನಾಟಿ ವೈದ್ಯರ ಹತ್ತಿರ ಬೈಕಿನಲ್ಲಿ ಕೂರಿಸಿಕೊಂಡು ಹೋದರು. ಎಲ್ಲರೂ ಅವರನ್ನು ಅಜ್ಜ ಅಂತಲೇ ಕರೆಯುತ್ತಾರೆ. ದುಡ್ಡು ಮುಟ್ಟುವವರಲ್ಲ, ಎಲೆ ಅಡಿಕೆ ಕೊಟ್ಟರೆ ಆಯಿತು. ಅಜ್ಜ ಬೇರಿನ ಒಂದು ಚೂರು ಬಾಯಿಗೆ ಕೊಟ್ಟು 'ಹೆಂಗೈತೆ?' ಎಂದು ಕೇಳಿದರು. ಕಹಿ ಅನಿಸಿದರೆ ವಿಷ ಏರಿಲ್ಲ, ಸಪ್ಪೆಯೋ ಸಿಹಿಯೋ ಅನಿಸಿದರೆ ಏರಿದೆ ಎಂಬುದು ಅವರ ಪರೀಕ್ಷೆ. ಬೇವಿನ ಸೊಪ್ಪು, ಹಸಿಮೆಣಸಿನಕಾಯಿ ಕೊಟ್ಟು ಹೀಗೇ ನೋಡುವವರೂ ಇದ್ದಾರೆ. ರೈತ 'ಕಹಿ' ಎಂದರು. ಆದರೂ ಅಜ್ಜ ಕಿರುಬೆರಳ ಉಗುರಿನಷ್ಟು ಬೇರು ತೇಯ್ದು, ಕಾಳುಮೆಣಸು ಸೇರಿಸಿ ಕುಡಿಸಿದರು. ಉಪ್ಪು ಬಿಡಬೇಕು, ರಾತ್ರಿ ಪೂರ್ತಿ ನಿದ್ದೆ ಮಾಡಬಾರದು ಎಂದು ಪಥ್ಯ ಹೇಳಿದರು. ಮಾರನೇ ದಿನವೂ ಅಷ್ಟೇ ಕೊಟ್ಟು ಕಳಿಸಿದರು.

ರೈತರಿಗೆ ಏನೂ ಆಗಲಿಲ್ಲ. ಊರಿನ ಲೆಕ್ಕದಲ್ಲಿ ಬೇರಿಗೆ ಇನ್ನೊಂದು ಗೆಲುವು.

ಈ ಗೆಲುವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ. ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಜನ ಸಾಯುವುದು ಬಹುಪಾಲು ನಾಲ್ಕರಿಂದ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಹುಲ್ಲು, ಸೌದೆ, ಹೆಂಚಿನ ಸಂದಿಯಲ್ಲಿ ಸಿಗುವ ಹಾವುಗಳಲ್ಲಿ ಕೇರೆ, ತೋಳಹಾವಿನಂಥ ವಿಷವಿಲ್ಲದವೇ ಜಾಸ್ತಿ. ಸಾಲು ಸಾಲು ಗೀರು ಬೀಳುವುದೂ ಸಾಮಾನ್ಯವಾಗಿ ಇಂಥ ಹಾವುಗಳ ಹಲ್ಲಿನಿಂದ. ಇನ್ನು ವಿಷದ ಹಾವೇ ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 54 ಲಕ್ಷ ಜನರಿಗೆ ಹಾವು ಕಚ್ಚುತ್ತದೆ, ವಿಷ ಏರುವುದು 18ರಿಂದ 27 ಲಕ್ಷ ಜನರಿಗೆ. ಅಂದರೆ ಅರ್ಧಕ್ಕರ್ಧ ಮಂದಿಗೆ ಯಾವ ಬೇರೂ ಬೇಕಿಲ್ಲ, ಯಾವ ಇಂಜೆಕ್ಷನ್ನೂ ಬೇಕಿಲ್ಲ. ಸುಮ್ನೆ ಕೂತಿದ್ದರೂ ಬದುಕುತ್ತಾರೆ. ಅವರಿಗೆ ಬೇರು ಕೊಟ್ಟರೆ ಹೆಸರು ಬರುವುದು ಬೇರಿಗೆ, ಅಲ್ವಾ?

ಉಳಿಯದವರ ಕತೆ ಬೇರೆ ಥರ ಹೇಳಲಾಗುತ್ತದೆ. 'ತಡ ಮಾಡಿ ಬಂದರು', 'ಪಥ್ಯ ಕೆಡಿಸಿಕೊಂಡರು', 'ಆಯಸ್ಸು ಮುಗಿದಿತ್ತು'. ಬೇರಿನ ಲೆಕ್ಕಕ್ಕೆ ಸೋಲು ಸೇರುವುದೇ ಇಲ್ಲ.

ಆದರೆ ಅಜ್ಜನ ಪದ್ಧತಿಯಲ್ಲಿ ಒಂದು ಸಂಗತಿ ನನಗೆ ಅರ್ಥವುಳ್ಳದ್ದು ಅನಿಸಿತು. ನಿದ್ದೆ ಮಾಡಲು ಬಿಡದೇ ರಾತ್ರಿ ಪೂರ್ತಿ ಪಕ್ಕದಲ್ಲಿ ಕೂರುವುದು. ನಾಗರಹಾವು, ಕಟ್ಟುಹಾವಿನ ವಿಷ ಏರಿದರೆ ಮೊದಲು ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ನುಂಗಲು ಆಗುವುದಿಲ್ಲ. ಕಟ್ಟುಹಾವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಊತವಿಲ್ಲ. ಆಸ್ಪತ್ರೆಯಲ್ಲೂ ಹಾವು ಕಚ್ಚಿದವರನ್ನು ಕನಿಷ್ಠ 24 ಗಂಟೆ ಕಣ್ಣಿಟ್ಟು ನೋಡುತ್ತಾರೆ. ಅಜ್ಜನ ಜಗಲಿಯಲ್ಲೂ ನಡೆಯುತ್ತಿದ್ದುದು ಅದೇ ಕಾವಲು. ಕಂಡಮೇಲೆ ಮಾಡುವುದಕ್ಕೆ ಮಾತ್ರ ಅಲ್ಲಿ ಏನೂ ಇರಲಿಲ್ಲ.

ಬಳ್ಳಿ

ಮಗಳು ತಂದ ಕವರ್‌ನಲ್ಲಿ ಒಣಗಿದ ಬೇರಿನ ತುಂಡುಗಳು ಮತ್ತು ಒಂದು ಡಬ್ಬಿಯ ತಳದಲ್ಲಿ ಚಿಟಿಕೆ ಪುಡಿ ಇತ್ತು. ಪುಡಿಯನ್ನು ಬರಿಗಣ್ಣಿನಿಂದ ಗುರುತಿಸುವುದು ಆಗದ ಮಾತು. ಬೇರು ಬೂದು ಮಿಶ್ರಿತ ಕಂದು ಬಣ್ಣ, ಪೆನ್ಸಿಲ್‌ಗಿಂತ ತೆಳು, ಅಂಕುಡೊಂಕು. ಉದ್ದಕ್ಕೂ ಸುಕ್ಕು. ಮುರಿದರೆ ಕರ್ಪೂರದ ವಾಸನೆ. ಇಷ್ಟರಿಂದಲೇ ಹೇಳಿಬಿಡುವುದು ಬೇಡ ಅಂತ ಊರಿಗೇ ಹೋದೆ. ರೈತ ಬೇರು ಅಗೆದಿದ್ದ ಬೇಲಿ ತೋರಿಸಿದರು. ಬಳ್ಳಿಯಲ್ಲಿ ಹೂವೂ ಇತ್ತು, ಕಾಯಿಯೂ ಇತ್ತು. ಸಸ್ಯಶಾಸ್ತ್ರದಲ್ಲಿ ಈಶ್ವರಿ ಬಳ್ಳಿಗೆ ಇರುವ ಹೆಸರು ಅರಿಸ್ಟೊಲೋಕಿಯಾ ಇಂಡಿಕಾ. ಇದು ಅದೇ, ಅನುಮಾನವಿಲ್ಲ.

ಈ ಹೂವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಬುಡದಲ್ಲಿ ಸಣ್ಣ ಗುಂಡು ಬುರುಡೆ, ಅದರಿಂದ ಬಾಗಿದ ಕೊಳವೆ, ತುದಿಯಲ್ಲಿ ಅಗಲವಾದ ಬಾಯಿ, ಕಂದು ನೇರಳೆ ನಾಲಗೆ. ಸಣ್ಣ ನೊಣಗಳು ಒಳಗೆ ಇಳಿಯುತ್ತವೆ. ಕೊಳವೆಯೊಳಗಿನ ಕೂದಲು ಅವನ್ನು ಹೊರಗೆ ಬಿಡುವುದಿಲ್ಲ. ಪರಾಗ ಮೈಗೆ ಅಂಟಿದ ಮೇಲೆ ಕೂದಲು ಬಾಡುತ್ತದೆ, ನೊಣ ಹೊರಬಿದ್ದು ಇನ್ನೊಂದು ಹೂವಿಗೆ ಹೋಗುತ್ತದೆ. ಎಲೆ ಮೇಲೆ ಕೆಂಪು ಮುಳ್ಳಿನಂಥ ಉಬ್ಬುಗಳಿರುವ ಕರಿ ಹುಳುಗಳಿದ್ದವು. ಅವು ಕ್ರಿಮ್ಸನ್ ರೋಸ್ ಅಥವಾ ಕಾಮನ್ ರೋಸ್ ಚಿಟ್ಟೆಯ ಮರಿಗಳು. ಈ ಮರಿಗಳು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ನಂಟಿನ ಗಿಡಗಳನ್ನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಬಳ್ಳಿಯ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ತಪ್ಪಿಸಿಕೊಳ್ಳುತ್ತವೆ. ಹಕ್ಕಿ ಕೂಡ ಉಗುಳುವ ವಸ್ತುವನ್ನು ನಾವು ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದೇವೆ ಎಂದು ಮಗಳಿಗೆ ಹೇಳಿದೆ. ಅವಳು ಅಪ್ಪನ ಮುಖ ನೋಡಿದಳು.

ಅಜ್ಜನ ಹತ್ತಿರ ಈ ಬೇರಿಗೆ ಬೇರೆ ಉಪಯೋಗಗಳೂ ಇವೆ. ಚೇಳು ಕುಟುಕಿದರೆ ತೇಯ್ದು ಹಚ್ಚುವುದು, ಮಕ್ಕಳ ಹೊಟ್ಟೆನೋವಿಗೆ ನೆಕ್ಕಿಸುವುದು, ಬಿಡದ ಜ್ವರಕ್ಕೆ ಕಷಾಯ, ಹೆಂಗಸರ ಮುಟ್ಟು ತಡವಾದರೆ ಒಂದು ಚೂರು. ಬಸುರಿಯರಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬಾರದು ಎಂಬ ಕಟ್ಟುನಿಟ್ಟೂ ಉಂಟು. ಇದು ಸುಳ್ಳು ಭಯವಲ್ಲ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಈ ಬೇರಿನ ಸಾರ ಗರ್ಭ ನಿಲ್ಲದಂತೆ ಮಾಡಿದ್ದು ಕಂಡಿದೆ.

ಹಾವಿನ ವಿಷದ ಮಾತಿಗೆ ಬಂದರೆ, ಒಂದು ಎಳೆ ನಿಜವೂ ಇದೆ. ಅದನ್ನು ಮುಚ್ಚಿಡಬಾರದು. ಈ ಗಿಡದಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇದೆ. ಹಾವಿನ ವಿಷದಲ್ಲಿರುವ ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವವನ್ನು ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಅದು ತಡೆಯುತ್ತದೆ. ಆದರೆ ವಿಷ ಎಂದರೆ ಆ ಒಂದೇ ಕಿಣ್ವವಲ್ಲ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಒಂದೇ ಸಲ ಕೆಣಕಿ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ಎಲ್ಲಿ ಗಾಯವಿದೆಯೋ ಅಲ್ಲಿಂದ ರಕ್ತ ಸೋರುತ್ತದೆ. ಹೊಟ್ಟೆಗೆ ಹೋದ ಉಗುರಿನಷ್ಟು ಬೇರು ರಕ್ತದಲ್ಲಿ ಹರಿಯುವ ವಿಷವನ್ನು ಹಿಡಿದು ನಿಲ್ಲಿಸುವುದಿಲ್ಲ. ಆ ಕೆಲಸ ಮಾಡುವುದು ಕುದುರೆಗಳಿಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು, ಅವುಗಳ ರಕ್ತದಿಂದ ತಯಾರಿಸಿದ ಪ್ರತಿವಿಷ ಮಾತ್ರ.

ಪುಡಿ

ಮೊದಲ ಕಡಿತ ಆದ ಮುಂದಿನ ವರ್ಷ ರೈತ ಒಂದು ಜಾತ್ರೆಯಲ್ಲಿ ಈಶ್ವರಿ ಬೇರಿನ ಪುಡಿ ಕೊಂಡರು. ದಿನಾ ಒಂದು ಚಮಚ ತಿಂದರೆ ಮೈಗೆ ಹಾವಿನ ವಿಷ ಹತ್ತುವುದಿಲ್ಲ, ರಕ್ತ ಶುದ್ಧಿಯಾಗುತ್ತದೆ, ಮಂಡಿನೋವೂ ಹೋಗುತ್ತದೆ ಅಂತ ಮಾರುವವನು ಹೇಳಿದ. ಮೊಬೈಲಿನಲ್ಲಿ ಬಂದ ವಿಡಿಯೊದಲ್ಲೂ ಅದೇ ಮಾತು. ರೈತರಿಗಂತೂ ಬೇರಿನ ಮೇಲೆ ಆಗಲೇ ನಂಬಿಕೆ ಬಂದಾಗಿತ್ತು. ಡಬ್ಬಿ ಮುಗಿದ ಮೇಲೆ 'ನಮ್ಮ ಬೇಲೀಲೇ ಐತಲ್ಲ, ದುಡ್ಡು ಯಾಕೆ ಕೊಡೋದು' ಎಂದು ತಾವೇ ಅಗೆದು, ಒಣಗಿಸಿ, ಕುಟ್ಟಿ ಇಟ್ಟುಕೊಂಡರು. ನಡುವೆ ಬಿಟ್ಟು ಬಿಟ್ಟು, ಸುಮಾರು ಮೂರು ವರ್ಷ ಇದು ನಡೆಯಿತು. ಮನೆಯಲ್ಲಿ ಬೇರೆ ಯಾರೂ ಮುಟ್ಟಲಿಲ್ಲ, ಕಹಿ ಅಂತ. ಕಹಿ ಎಂಬುದು ಒಳ್ಳೆಯದೇ ಆಯಿತು.

ಇದು ಅಜ್ಜನಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದಾಗ ಅವರಿಗೆ ಸಿಟ್ಟು ಬಂತು. 'ದಿನಾ ತಿನ್ನೋಕೆ ಅದೇನು ಮುದ್ದೇನಾ ಮೇಷ್ಟ್ರೇ? ನಾವು ಎರಡು ದಿನ, ಮೂರು ದಿನ ಕೊಡ್ತೀವಿ, ಅಷ್ಟೇ. ನಮ್ಮಪ್ಪನೂ ಹಂಗೇ ಕೊಡ್ತಿದ್ದಿದ್ದು.'

ನನ್ನ ಮಟ್ಟಿಗೆ ಈ ಪ್ರಕರಣದ ನಡುಮಧ್ಯೆ ಇರುವುದು ಇದೇ ಮಾತು. ಅಜ್ಜನ ಪದ್ಧತಿಗೆ ಪ್ರತಿವಿಷದ ಶಕ್ತಿ ಇರಲಿಲ್ಲ, ಆದರೆ ಅಳತೆ ಇತ್ತು. ಎಷ್ಟು, ಎಷ್ಟು ದಿನ, ಯಾರಿಗೆ ಕೂಡದು ಎಂಬ ಮೂರು ಬೇಲಿಗಳಿದ್ದವು. ಡಬ್ಬಿಗೆ ತುಂಬಿದ ಪುಡಿಗೆ ಆ ಬೇಲಿ ಒಂದೂ ಇಲ್ಲ. ಬೇರಿನ ಹೆಸರು ಮಾತ್ರ ಹಳ್ಳಿಯಿಂದ ಬಂತು, ಅಳತೆ ಅಲ್ಲೇ ಉಳಿಯಿತು. ಹಾಗಂತ ಅಜ್ಜನ ಅಳತೆ ಪೂರ್ತಿ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ಜೀವಕೋಶಗಳ ಡಿಎನ್‌ಎಗೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುವಂಥದ್ದು. ಕಡಿಮೆ ತಿಂದರೆ ಕಡಿಮೆ ಅಪಾಯ, ಅಷ್ಟೇ.

ಎರಡನೇ ಕಡಿತ

ಕಡಲೆಕಾಯಿ ಕೀಳುವ ಕಾಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಹೊತ್ತು. ಅಡಿಕೆಗೆ ನೀರು ಕಟ್ಟಲು ರೈತ ಎರಡು ಗಂಟೆಗೆ ಎದ್ದು ಹೋದರು. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಮೊಬೈಲಿನ ಬೆಳಕು. ಎರಡೂವರೆ ಸುಮಾರಿಗೆ ಬದುವಿನ ಮೇಲೆ ಪಾದದ ಗೆಣ್ಣಿಗೆ ಕಚ್ಚಿತು. 'ಕುಕ್ಕರ್ ಕೂಗ್ದಂಗೆ ಕೂಗ್ತು ಸಾರ್' ಎಂದರು. ಮೈಮೇಲೆ ಸರಪಳಿಯಂತೆ ದುಂಡು ಮಚ್ಚೆಗಳನ್ನೂ ಈ ಸಲ ಕಂಡಿದ್ದರು. ಕೊಳಕುಮಂಡಲ.

ಅವರು ಯಾರನ್ನೂ ಎಬ್ಬಿಸಲಿಲ್ಲ. ಮನೆಗೆ ನಡೆದೇ ಬಂದು, ಮಂಡಿ ಕೆಳಗೆ ಟವೆಲ್ ಬಿಗಿದು, ಬೇರು ಅಗಿದು ನುಂಗಿ ಮಲಗಿದರು. ಮೂರು ವರ್ಷ ಪುಡಿ ತಿಂದ ಧೈರ್ಯ. ಹೆಂಡತಿ ಐದೂವರೆಗೆ ಎದ್ದಾಗ ಕಾಲು ಮಂಡಿವರೆಗೂ ಊದಿತ್ತು, ದಿಂಬಿನ ಮೇಲೆ ರಕ್ತವಿತ್ತು. ವಸಡಿನಿಂದ ಸೋರುತ್ತಿತ್ತು. ಆಕೆ ಆಗಲೂ ಆಸ್ಪತ್ರೆಗೆ ಫೋನ್ ಮಾಡಲಿಲ್ಲ, ಭಾವಮೈದುನನ ಆಟೋದಲ್ಲಿ ಅಜ್ಜನ ಮನೆಗೆ ಕರೆದೊಯ್ದರು.

ಅಜ್ಜ ಬೇರು ಮುಟ್ಟಲಿಲ್ಲ. ಬಾಯಿ ತೆರೆಸಿ ವಸಡು ನೋಡಿದರು. 'ರಕ್ತ ಒಡೆದೈತೆ ಕಣವ್ವ. ಇದು ನನ್ನ ಕೈಲಿ ಆಗೋದಲ್ಲ. ಒಂದು ಗಳಿಗೆನೂ ನಿಲ್ಲಬ್ಯಾಡ್ರಿ, ನೂರಾ ಎಂಟಕ್ಕೆ ಫೋನ್ ಮಾಡ್ರಿ' ಎಂದರು. ಕಾಲನ್ನು ಅಲ್ಲಾಡಿಸದೆ ಮಲಗಿಸಿದ್ದೂ ಅವರೇ. ಈ ಕೇಸಿನಲ್ಲಿ ಸರಿಯಾದ ಮೊದಲ ನಿರ್ಧಾರ ಬಂದಿದ್ದು ನಾಟಿ ವೈದ್ಯರಿಂದ. ಇದನ್ನು ಒತ್ತಿ ಹೇಳಬೇಕು.

ತಾಲ್ಲೂಕು ಆಸ್ಪತ್ರೆಗೆ ಏಳು ಗಂಟೆಗೆ ತಲುಪಿದರು. ಅಲ್ಲಿ ಮಾಡಿದ ಪರೀಕ್ಷೆ ಬಹಳ ಸರಳ. ಎರಡು ಎಂಎಲ್ ರಕ್ತವನ್ನು ಒಣಗಿದ, ಶುದ್ಧ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು. ಆಮೇಲೆ ಬಗ್ಗಿಸಿ ನೋಡುವುದು. ಹೆಪ್ಪುಗಟ್ಟಿದ್ದರೆ ಸರಿ. ಇವರ ರಕ್ತ ನೀರಿನಂತೆ ಹರಿಯಿತು. ಬೇರಿನ ಕಹಿ ಪರೀಕ್ಷೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ: ಮೊದಲನೆಯದು ರೋಗಿಯ ನಾಲಗೆಯನ್ನು ಕೇಳುತ್ತದೆ, ಇದು ರಕ್ತವನ್ನೇ ಕೇಳುತ್ತದೆ. ಆ ಬೆಳಿಗ್ಗೆಯೂ ರೈತರಿಗೆ ಬೇರು ಕಹಿಯಾಗಿಯೇ ಇತ್ತಂತೆ.

ಏಳೂವರೆಗೆ ಪ್ರತಿವಿಷ ಶುರುವಾಯಿತು, ಹತ್ತು ವೈಲ್, ಅಂದರೆ ಹತ್ತು ಸಣ್ಣ ಸೀಸೆ. ಕಚ್ಚಿ ಐದು ಗಂಟೆ ಆಗಿತ್ತು. ಆರು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಪ್ರತಿವಿಷ ವಿಷವನ್ನು ಹಿಡಿದ ಮೇಲೂ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಹೊಸದಾಗಿ ಮಾಡಬೇಕು, ಅದಕ್ಕೇ ಈ ಆರು ಗಂಟೆ. ಆಗಲೂ ರಕ್ತ ಹೆಪ್ಪುಗಟ್ಟದ ಕಾರಣ ಇನ್ನೂ ಹತ್ತು ವೈಲ್ ಕೊಟ್ಟರು. ರಾತ್ರಿ ಹೊತ್ತಿಗೆ ರಕ್ತ ಹತೋಟಿಗೆ ಬಂತು. ಆದರೆ ಮೂತ್ರ ಕಡಿಮೆಯಾಗಿ, ಕಾಫಿ ಬಣ್ಣಕ್ಕೆ ತಿರುಗಿತು. ತುಮಕೂರಿಗೆ ಕಳಿಸಿದರು, ಡಯಾಲಿಸಿಸ್ ಬೇಕಾಯಿತು.

ಕಿಡ್ನಿ ಕೆಟ್ಟಿದ್ದು ಯಾವುದರಿಂದ

ಕೊಳಕುಮಂಡಲ ಕಚ್ಚಿ ಕಿಡ್ನಿ ನಿಲ್ಲುವುದು ನಮ್ಮ ಕಡೆಯ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ಚೇತರಿಕೆ ಆಗುತ್ತದೆ. ಆದರೆ ಇಲ್ಲಿ ಮೂರನೇ ದಿನದ ಸ್ಕ್ಯಾನಿಂಗ್‌ನಲ್ಲಿ ಒಂದು ವಿಷಯ ಡಾಕ್ಟರ ಕಣ್ಣಿಗೆ ಬಿತ್ತು. ಎರಡೂ ಕಿಡ್ನಿ ಚಿಕ್ಕದಾಗಿದ್ದವು, ಸುಮಾರು ಎಂಟು ಸೆಂಟಿಮೀಟರ್. ದೊಡ್ಡವರಲ್ಲಿ ಒಂಬತ್ತರಿಂದ ಹನ್ನೆರಡು ಇರಬೇಕು. ಹಾವಿನ ವಿಷದಿಂದ ಕಿಡ್ನಿ ಕುಗ್ಗುವುದಿದ್ದರೂ ಅದಕ್ಕೆ ತಿಂಗಳುಗಳು ಬೇಕು. ಮೂರು ದಿನದಲ್ಲಿ ಕುಗ್ಗುವುದಿಲ್ಲ. ಅಂದರೆ ಹಾವು ಕಚ್ಚುವ ಮೊದಲೇ ಕಿಡ್ನಿ ಸೊರಗಿತ್ತು.

'ಯಾವುದಾದರೂ ಔಷಧಿ ತಗೋತಿದ್ರಾ?' ಎಂದು ಡಾಕ್ಟರು ಕೇಳಿದರು. 'ಇಲ್ಲ ಸಾರ್' ಎಂದರು ರೈತ. ಸುಳ್ಳು ಹೇಳಿದ್ದಲ್ಲ. ಬೇರು ಅವರಿಗೆ ಔಷಧಿ ಅನ್ನಿಸಿರಲಿಲ್ಲ, ಬೆಳಗಿನ ಕಾಫಿಯಷ್ಟೇ ಸಾಮಾನ್ಯವಾಗಿತ್ತು. ಹೆಂಡತಿ ಬಾಯಿ ಬಿಟ್ಟಿದ್ದರಿಂದ ಪುಡಿಯ ವಿಷಯ ಹೊರಬಂತು.

ಡಾಕ್ಟರಿಗೆ ತಕ್ಷಣ ನೆನಪಾಗಿದ್ದು ಬೆಲ್ಜಿಯಂನ ಬ್ರಸೆಲ್ಸ್ ನಗರ. ಅಲ್ಲಿ 1990ರ ದಶಕದ ಮೊದಲಲ್ಲಿ ತೂಕ ಇಳಿಸುವ ಕ್ಲಿನಿಕ್ ಒಂದರ ಮಾತ್ರೆಗಳಿಗೆ ಒಂದು ಚೀನೀ ಬೇರಿನ ಬದಲು ಇದೇ ಕುಲದ ಇನ್ನೊಂದು ಬೇರಿನ ಪುಡಿ ಸೇರಿತು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಹಾಳಾಯಿತು. 1993ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆಮೇಲೆ ಮುನ್ನೆಚ್ಚರಿಕೆಯಾಗಿ 39 ಜನರ ಕೆಟ್ಟ ಕಿಡ್ನಿಗಳನ್ನು ತೆಗೆದು ನೋಡಿದರೆ 18 ಜನರಲ್ಲಿ ಮೂತ್ರನಾಳದ ಕ್ಯಾನ್ಸರ್ ಇತ್ತು. ಡ್ಯಾನ್ಯೂಬ್ ನದಿಯ ಉಪನದಿಗಳ ದಡದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕಾಡಿದ ಕಿಡ್ನಿ ಕಾಯಿಲೆಗೂ ಇದೇ ಕುಲದ ಒಂದು ಕಳೆಯೇ ಕಾರಣ. ಗೋಧಿ ಹೊಲದಲ್ಲಿ ಬೆಳೆದು, ಅದರ ಬೀಜ ಹಿಟ್ಟಿಗೆ ಸೇರುತ್ತಿತ್ತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಕುಲದ ಗಿಡಗಳಿರುವ ಔಷಧಿಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು.

ಹಾಗಾದರೆ ಬೇರೇ ಕಾರಣ ಎಂದು ತೀರ್ಪು ಕೊಡಬಹುದಾ? ಅವಸರ ಬೇಡ. ರೈತರಿಗೆ ಮಂಡಿನೋವಿತ್ತು. ಮೆಡಿಕಲ್ ಶಾಪಿನಿಂದ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತಂದು ನುಂಗುತ್ತಿದ್ದರು, ಸುಗ್ಗಿಯಲ್ಲಿ ಹೆಚ್ಚೂ ಕಡಿಮೆ ದಿನಾ. ಅದೂ ಕಿಡ್ನಿಗೆ ಕೆಟ್ಟದ್ದೇ. ಸಕ್ಕರೆ ಕಾಯಿಲೆ ಇರಲಿಲ್ಲ, ಬಿಪಿ ಹೆಚ್ಚಿರಲಿಲ್ಲ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದುದು ತೀರಾ ಸ್ವಲ್ಪ. ಚಿಕ್ಕ ಕಿಡ್ನಿ, ಕಡಿಮೆ ಪ್ರೋಟೀನ್, ಏರದ ಬಿಪಿ: ಈ ಮೂರೂ ಅರಿಸ್ಟೊಲೋಕಿಕ್ ಆಮ್ಲದ ಕಡೆಗೆ ಬೆರಳು ತೋರಿಸುತ್ತವೆ. ಖಚಿತ ಮಾಡಲು ಕಿಡ್ನಿಯ ಚೂರು ತೆಗೆದು ನೋಡಬೇಕು. ಕುಗ್ಗಿದ ಕಿಡ್ನಿಯಲ್ಲಿ, ರಕ್ತ ಈಗಷ್ಟೇ ಹತೋಟಿಗೆ ಬಂದವರಲ್ಲಿ ಅದು ಅಪಾಯ ಎಂದು ಡಾಕ್ಟರು ಕೈಬಿಟ್ಟರು. ಕಾಗದದ ಮೇಲೆ ಅವರು ಬರೆದಿದ್ದು 'ಬೇರಿನಿಂದ ಆಗಿರುವ ಸಾಧ್ಯತೆ ಹೆಚ್ಚು, ನೋವಿನ ಮಾತ್ರೆಯೂ ಜೊತೆಗೂಡಿದೆ' ಎಂಬರ್ಥದ ಎರಡು ಸಾಲು. ನನಗೂ ಅದೇ ಸರಿ ಅನಿಸುತ್ತದೆ.

ಎರಡು ಕಡಿತಗಳ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಎರಡನೇ ಕಡಿತ ಹಾಗೆ ಸರ್ಕಾರದ ಲೆಕ್ಕಕ್ಕೆ ಬಂತು. ಮೊದಲನೆಯದು ಯಾವ ಪುಸ್ತಕದಲ್ಲೂ ಇಲ್ಲ, ಊರಿನ ಬಾಯಲ್ಲಿ ಮಾತ್ರ ಇದೆ. 2000ರಿಂದ 2019ರವರೆಗೆ ದೇಶದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬಹುದು ಎಂಬ ಅಂದಾಜು ಸಿಕ್ಕಿದ್ದು ಆಸ್ಪತ್ರೆ ದಾಖಲೆಯಿಂದಲ್ಲ, ಮನೆ ಮನೆಗೆ ಹೋಗಿ ಸಾವಿನ ಕಾರಣ ಕೇಳಿದ ಸಮೀಕ್ಷೆಯಿಂದ. ಅವರಲ್ಲಿ ಬಹುಪಾಲು ಜನ ಸತ್ತಿದ್ದು ಆಸ್ಪತ್ರೆಯ ಹೊರಗೆ.

ರೈತ ಈಗ ಮನೆಯಲ್ಲಿದ್ದಾರೆ. ಡಯಾಲಿಸಿಸ್ ನಿಂತಿದೆ, ಆದರೆ ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೂರರ ಹತ್ತಿರ ನಿಂತುಬಿಟ್ಟಿದೆ, ಇಳಿಯುತ್ತಿಲ್ಲ. ಪುಡಿ ಬಿಟ್ಟಿದ್ದಾರೆ, ನೋವಿನ ಮಾತ್ರೆ ಬಿಟ್ಟಿದ್ದಾರೆ. ರಾತ್ರಿ ನೀರು ಕಟ್ಟಲು ಮಗ ಹೋಗುತ್ತಾನೆ, ಗಮ್‌ಬೂಟು ಹಾಕಿಕೊಂಡು, ಟಾರ್ಚ್ ಹಿಡಿದು. ಮೊದಲ ಸಲ ಬೇರೇ ಉಳಿಸಿದ್ದು ಎಂದು ರೈತ ಈಗಲೂ ಹೇಳುತ್ತಾರೆ, ನಾನು ವಾದ ಮಾಡಲು ಹೋಗಿಲ್ಲ. ಅಜ್ಜ ಬೇರು ಕೊಡುವುದನ್ನು ಪೂರ್ತಿ ಬಿಟ್ಟಿಲ್ಲ. ಹಾವು ಕಚ್ಚಿಸಿಕೊಂಡು ಬಂದವರಿಗೆ ಮಾತ್ರ ಮೊದಲು ಆಂಬುಲೆನ್ಸ್ ಕರೆಸುತ್ತಾರೆ, ಟವೆಲ್ ಬಿಗಿಯಲು ಬಿಡುವುದಿಲ್ಲ. ಪುಡಿಯ ಡಬ್ಬಿ ಮುಂದಿನ ಜಾತ್ರೆಯಲ್ಲೂ ಮಾರಾಟಕ್ಕಿತ್ತು, ಮಗಳು ಫೋಟೋ ಕಳಿಸಿದ್ದಳು. ಈ ಆಮ್ಲದ ಕ್ಯಾನ್ಸರ್ ಬೇರು ಬಿಟ್ಟ ಎಷ್ಟೋ ವರ್ಷದ ಮೇಲೂ ಕಾಣಿಸಿಕೊಳ್ಳಬಹುದು. ಹಾಗಾಗಿ ಡಾಕ್ಟರು ಆರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಮೂತ್ರದಲ್ಲಿ ರಕ್ತ ಕಂಡರೆ ನೋವಿಲ್ಲದಿದ್ದರೂ ಅವತ್ತೇ ಬನ್ನಿ ಎಂದಿದ್ದಾರೆ.